ಮೇಲಿನಮನೆ ಬಳಗ: ಸುಲಿತದ ಲೆಕ್ಕ

ಬೆಂಗಳೂರಿನ ಅಣ್ಣ: "ಇಪ್ಪತ್ತು ಮಂದಿಗೆ ಒಂದೇ ಒಲೆ. ಅಜ್ಜಿಯ ಕೈತುತ್ತು, ಅಜ್ಜನ ಕಥೆ. ಆಗ ಯಾರಿಗೂ ದಣಿವಿರಲಿಲ್ಲ, ದೂರಿರಲಿಲ್ಲ. ಈಗ ನಾಲ್ಕು ಮಂದಿಗೆ ಎರಡು ಮನೆ. ನಿಮ್ಮ ಅಜ್ಜಿಯನ್ನು ನೆನೆದು ಹತ್ತು ಮಂದಿಗೆ ಕಳುಹಿಸಿ." (ಫಾರ್ವರ್ಡ್ ಮಾಡಿದ್ದು)

ಬೆಂಗಳೂರಿನ ಅಣ್ಣ: ಓದಿ ಕಣ್ಣು ತುಂಬಿತು. ನಮ್ಮ ಅಜ್ಜಿಯನ್ನೇ ನೋಡಿ ಬರೆದ ಹಾಗಿದೆ.

ದೊಡ್ಡಪ್ಪ: ಸತ್ಯವಾದ ಮಾತು. ಆ ಕಾಲ ಇನ್ನು ಬರುವುದಿಲ್ಲ.

ಸಾಗರದ ಅತ್ತೆ: ದಣಿವಿರಲಿಲ್ಲ ಎಂದು ಬರೆದವರು ಯಾರು?

ಬೆಂಗಳೂರಿನ ಅಣ್ಣ: ಯಾರೋ ಬರೆದದ್ದು ಅತ್ತೆ. ಭಾವನೆ ಮುಖ್ಯ ಅಲ್ಲವೇ?

ಸಾಗರದ ಅತ್ತೆ: ಭಾವನೆ ನನಗೂ ಇದೆ, ನಾನು ಅವಳ ಮಗಳು. ಅಮ್ಮನಿಗೆ ದಣಿವಾಗುತ್ತಿತ್ತು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ಮುಗಿಯುವವರೆಗೆ ಅವಳು ನೆಟ್ಟಗೆ ಮಲಗಿದ್ದನ್ನು ನಾನು ಕಂಡಿಲ್ಲ. ಬೆಳಗಿನ ಜಾವ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ, ಆಮೇಲೆ ಮನೆಯ ಒಲೆ. ಸಂಜೆ ಅಡಿಕೆ ಸುಲಿಯುವವರು ಬಂದರೆ ಅವರಿಗೆಲ್ಲ ಚಹಾ ಕೊಟ್ಟು ತಾನೂ ಸುಲಿಯುವ ಮೆಟ್ಟುಕತ್ತಿಯ ಮುಂದೆ ಕುಳಿತರೆ ಏಳುವಾಗ ರಾತ್ರಿ ಹನ್ನೊಂದು. ಅವಳ ಊಟ ಅದರ ನಂತರ. ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ. ಅನ್ನ ಉಳಿಯದ ದಿನ ಬೆಲ್ಲ, ನೀರು.

ದೊಡ್ಡಪ್ಪ: ಕಷ್ಟಪಟ್ಟವಳು ಅವಳೊಬ್ಬಳೇ ಏನು? ಅಪ್ಪಯ್ಯ ಸುಮ್ಮನೆ ಕುಳಿತಿದ್ದರೇ? ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗದ ಔಷಧಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಪ್ರತಿ ಸಲವೂ ಅವರೇ ನಿಂತು ಕದಡುತ್ತಿದ್ದರು. ಶ್ರಾವಣ ಮುಗಿದರೂ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಕೊಳೆ ಬಿದ್ದ ವರ್ಷ ಉದುರಿದ ಹಸಿ ಕಾಯಿಯ ನಡುವೆ ಅವರು ಕಂಬಳಿ ಹೊದ್ದು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದೇನೆ. ಅದನ್ನೂ ಬರೆ.

ಸಾಗರದ ಅತ್ತೆ: ಬರೆಯುತ್ತೇನೆ. ಅಪ್ಪಯ್ಯನ ಕಷ್ಟವನ್ನು ಊರೆಲ್ಲ ಹೇಳುತ್ತದೆ ಅಣ್ಣ. ಅಮ್ಮನದನ್ನು ಹೇಳಿದರೆ ಮಾತ್ರ ನಿನಗೆ ದೂರಾಗಿ ಕೇಳಿಸುತ್ತದೆ.

ನಾನು: ನನಗೆ ನೆನಪಿರುವುದು ಅಜ್ಜಿಯ ಹೆಬ್ಬೆರಳು. ಅಡಿಕೆಯ ಚೊಗರು ಹಿಡಿದು ಕಪ್ಪಾಗಿ, ಉದ್ದಕ್ಕೆ ಬಿರುಕು ಬಿಟ್ಟಿತ್ತು. ಬೇಸಗೆ ರಜೆಗೆ ನಾವು ಹೋಗುವಾಗಲೂ ಆ ಬಿರುಕು ಪೂರ್ತಿ ಕೂಡಿರುತ್ತಿರಲಿಲ್ಲ. ನಮ್ಮನ್ನು ಸುತ್ತ ಕೂರಿಸಿಕೊಂಡು ಮೊಸರನ್ನಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಕಲಸಿ ತುತ್ತು ಕೊಡುವಾಗ ಅಜ್ಜಿ ಆಗಾಗ "ಸ್..." ಎಂದು ಉಸಿರೆಳೆದುಕೊಳ್ಳುತ್ತಿದ್ದಳು. ಕಥೆಯಲ್ಲಿ ಹಾವು ಬಂತು ಎಂದುಕೊಂಡು ನಾವು ಕಿರುಚಿ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಬಿರುಕಿಗೆ ಉಪ್ಪು ತಗಲಿ ಉರಿಯುತ್ತಿತ್ತು ಎಂದು ಈಗ, ಅತ್ತೆ ಬರೆದದ್ದನ್ನು ಓದುವಾಗ ಹೊಳೆಯಿತು.

ಬೆಂಗಳೂರಿನ ಅಣ್ಣ: ನಾನು ಯಾರನ್ನೂ ನೋಯಿಸಲು ಹಾಕಿದ್ದಲ್ಲ. ನನ್ನ ಮಕ್ಕಳಿಗೆ ಅಜ್ಜನ ಮನೆ ಎಂದರೆ ವರ್ಷಕ್ಕೆ ನಾಲ್ಕು ದಿನ. ಜಗಲಿಯಲ್ಲಿ ಸಾಲಾಗಿ ಮಲಗಿ ಮಳೆಯ ಸದ್ದು ಕೇಳಿದ್ದು ಅವರಿಗೆ ಸಿಗಲಿಲ್ಲ. ಆ ದುಃಖಕ್ಕೆ ಹಾಕಿದೆ.

ಅತ್ತಿಗೆ: ಆ ದುಃಖ ನನಗೂ ಇದೆ. ಆದರೆ ಈ ಚಿತ್ರವನ್ನು ಎಲ್ಲರೂ ನೋಡಬೇಕು. ಅಜ್ಜನವರ ಸುಲಿತದ ಲೆಕ್ಕದ ಪುಸ್ತಕ, 1978ನೆಯ ಇಸವಿ. ಕಳೆದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಸುಲಿದವರ ಹೆಸರು, ಎಷ್ಟು ಡಬ್ಬಿ ಅಡಿಕೆ, ಕೊಟ್ಟ ಹಣ ಎಷ್ಟು, ಎಲ್ಲವೂ ಅಚ್ಚುಕಟ್ಟು. ಹದಿನೇಳು ಹೆಸರುಗಳಿವೆ. ಅಜ್ಜಿಯ ಹೆಸರಿಲ್ಲ. ಅವರು ಸುಲಿದ ಡಬ್ಬಿ ಎಲ್ಲಿ ಹೋಯಿತು ಮಾವ?

ದೊಡ್ಡಪ್ಪ: ಮನೆಯ ಯಜಮಾನತಿಗೆ ಯಾರಾದರೂ ಕೂಲಿ ಬರೆಯುತ್ತಾರೆಯೇ? ಅವಳದು ಎಂದರೆ ಮನೆಯದು. ಇಷ್ಟು ವರ್ಷದ ಮೇಲೆ ಲೆಕ್ಕದ ಪುಸ್ತಕ ಹೊರಗೆ ಬಂದದ್ದು ಯಾತಕ್ಕೆ? ಪಾಲಿನ ಮಾತಿದ್ದರೆ ನೇರವಾಗಿ ಹೇಳಿ.

ಸಾಗರದ ಅತ್ತೆ: ಅಣ್ಣ, ಈ ಮಾತು ನಿನ್ನ ಬಾಯಿಂದ ಬರಬಾರದಿತ್ತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಎಂದು ಕಾನೂನು ಬಂದಾಗ ನನ್ನ ಮದುವೆಯಾಗಿ ಹತ್ತು ವರ್ಷ. ಅದಾಗಲೇ ಮದುವೆಯಾದವರಿಗೆ ಅದರಲ್ಲಿ ಪಾಲಿರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಇವತ್ತು ಕೇಳುತ್ತಿರುವುದು ತೋಟವನ್ನಲ್ಲ. ಅಮ್ಮನಿಗೆ ದಣಿವಾಗಿತ್ತು ಎಂದು ನೀನು ಒಮ್ಮೆ ಹೇಳು, ಅಷ್ಟೇ.

ಬೆಂಗಳೂರಿನ ಅಣ್ಣ: ಎಲ್ಲರೂ ಸ್ವಲ್ಪ ನಿಲ್ಲಿಸೋಣ.

ನಾನು: ನಿಲ್ಲಿಸುವುದು ಬೇಡ ಅಣ್ಣ. ನಮ್ಮ ಮನೆಯಲ್ಲಿ ಈ ಮಾತು ಇಂದೇ ಮೊದಲ ಸಲ ಬಂದಿರುವುದು. ಅಜ್ಜಿಯ ಕೈತುತ್ತು ಬೇಕು, ಆ ಕೈಗೆ ಏನಾಗಿತ್ತು ಎಂಬುದು ಬೇಡ ಎಂದರೆ ನನಗೆ ಒಪ್ಪಿಗೆಯಿಲ್ಲ. ದೊಡ್ಡಪ್ಪ, ನೀವು ಪಾಲಿನ ಮಾತು ಎತ್ತಿದ್ದು ತಪ್ಪು. ಸಣ್ಣವರು ಹೇಳಿದ್ದಕ್ಕೆ ಕ್ಷಮಿಸಿ.

(ರಾತ್ರಿ 9.40)

ದೊಡ್ಡಪ್ಪ: ಊಟಕ್ಕೆ ಕುಳಿತಾಗ ನಿಮ್ಮ ದೊಡ್ಡಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ತಂಗಿಯ ಹತ್ತಿರ ಹಾಗೆ ಮಾತನಾಡುವುದೇ ಎಂದು ಬೈದಳು. ಪಾಲಿನ ಮಾತು ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ದೊಡ್ಡಪ್ಪ: ಒಂದು ವಿಷಯ ನಿನಗೆ ಗೊತ್ತಿದೆಯೋ ಇಲ್ಲವೋ. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ರಾತ್ರಿ ಡಬ್ಬಿ ಅಳೆದು ಸುರಿಯುವಾಗ ಅಟ್ಟದ ಏಣಿಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಡಬ್ಬಿಗೊಂದು ಗೆರೆ, ಐದಾದರೆ ಅಡ್ಡಗೆರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಬೆಳಿಗ್ಗೆ ಅಪ್ಪಯ್ಯ ಗೋಡೆ ನೋಡಿಕೊಂಡು ಪುಸ್ತಕಕ್ಕೆ ಇಳಿಸುತ್ತಿದ್ದರು. ಆ ಪುಟದ ಲೆಕ್ಕವೆಲ್ಲ ಅವಳದೇ.

ದೊಡ್ಡಪ್ಪ: ಕಡೆಯ ಸಾಲಿನ ನೆತ್ತಿಯ ಮೇಲೆ ಒಂದು ಬೊಟ್ಟು ಇರುತ್ತಿತ್ತು. ಅದು ಯಾರದು ಎಂದು ಹುಡುಗನಾಗಿದ್ದಾಗ ಕೇಳಿದ್ದೆ. "ಅದು ಬರೆಯುವುದಲ್ಲ" ಎಂದಿದ್ದಳು. ಅಪ್ಪಯ್ಯ ಆ ಸಾಲನ್ನು ಬಿಟ್ಟು ಬರೆಯುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ಅವಳಿಗೆ ದಣಿವಾಗುತ್ತಿತ್ತು.

ಸಾಗರದ ಅತ್ತೆ: ಇದು ನನಗೆ ಗೊತ್ತೇ ಇರಲಿಲ್ಲ.

ಸಾಗರದ ಅತ್ತೆ: ಆ ಗೋಡೆಗೆ ಸುಣ್ಣ ಹೊಡೆಸಿದೆಯಾ ಅಣ್ಣ?

ದೊಡ್ಡಪ್ಪ: ಏಣಿಯ ಹಿಂದೆ ಕೈ ಹೋಗುವುದಿಲ್ಲ ಎಂದು ಅಷ್ಟು ಭಾಗ ಬಿಟ್ಟಿದ್ದಾರೆ. ಈಗ ಬ್ಯಾಟರಿ ಹಿಡಿದು ನೋಡಿ ಬಂದೆ. ಒಂದಷ್ಟು ಗೆರೆಗಳಿವೆ. ಬೊಟ್ಟು ಇದೆಯೋ ಇಲ್ಲವೋ ನನ್ನ ಕಣ್ಣಿಗೆ ತಿಳಿಯುತ್ತಿಲ್ಲ.

ಸಾಗರದ ಅತ್ತೆ: ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಯಾರೂ ಅಲ್ಲಿ ಜೇಡರ ಬಲೆಯನ್ನೂ ತೆಗೆಯಬೇಡಿ.