ಕಾಸರಗೋಡಿನ ಕನ್ನಡ ಶಾಲೆಯಲ್ಲಿ ದೃಷ್ಟಿ ಸವಾಲಿನ ಮಕ್ಕಳ ಟೀಚರ್: ಬ್ರೈಲ್ ಬೇಕೇ ಬೇಕಾ, ಫೋನ್ ಸಾಕಾ?

ಬದಿಯಡ್ಕ_ಹೊಸಬ
ಕನ್ನಡ ಮಾಧ್ಯಮದಲ್ಲಿ ಕಲಿತು ಡಿಗ್ರಿ ಆದವರು ದೃಷ್ಟಿ ಸವಾಲಿನ ಮಕ್ಕಳ ಟೀಚರ್ ಆಗಲು ಯಾವ ದಾರಿ? ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಕೇಳುತ್ತಿದ್ದೇನೆ. ಮಾಮೂಲಿ ಬಿ.ಎಡ್. ಮಾಡಿ ಮೇಲಿಂದ ಬ್ರೈಲ್ ಕಲಿತರೆ ನಡೆಯುತ್ತದಾ? ಈಗ ಫೋನೇ ಎಲ್ಲ ಓದಿ ಹೇಳುತ್ತದೆ, ಬ್ರೈಲಿಗೆ ಅಷ್ಟು ದಿನ ಕೊಡಬೇಕಾ?

ಕುಂಬಳೆ ಟೀಚರ್
ನಡೆಯುವುದಿಲ್ಲ. ಸ್ಪೆಷಲ್ ಎಜುಕೇಟರ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸೇ ಆಗಬೇಕು. ಪ್ಲಸ್ ಟು ಆದವರಿಗೆ ಡಿ.ಎಡ್. ಸ್ಪೆಷಲ್, ಡಿಗ್ರಿ ಆದವರಿಗೆ ಬಿ.ಎಡ್. ಸ್ಪೆಷಲ್, ಎರಡೂ 2 ವರ್ಷ. ಮುಗಿದ ಮೇಲೆ ಪರಿಷತ್ತಿನ ಕೇಂದ್ರ ನೋಂದಣಿಯಲ್ಲಿ ಹೆಸರು ಹಾಕಿಸಿ ಸಿಆರ್‌ಆರ್ ನಂಬರ್ ತೆಗೆದುಕೊಳ್ಳಬೇಕು. ನೋಂದಣಿ ಇಲ್ಲದೆ ಕೆಲಸ ಮಾಡುವುದು 1992ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಅರ್ಜಿ ಹಾಕುವಾಗ ಒಂದು ಅಕ್ಷರ ನೋಡಿಕೊಳ್ಳಿ. ಕೋರ್ಸಿನ ಹೆಸರಿನ ಕೊನೆಯಲ್ಲಿ ವಿ.ಐ., ಅಂದರೆ ದೃಷ್ಟಿ ಸವಾಲಿನದ್ದು ಅಂತ, ಇರಬೇಕು. ಎಚ್.ಐ. ಅಂದರೆ ಶ್ರವಣದ್ದು, ಐ.ಡಿ. ಅಂದರೆ ಬೌದ್ಧಿಕ ಸವಾಲಿನದ್ದು. ಹತ್ತಿರದ ಕಾಲೇಜು ಅಂತ ಐ.ಡಿ.ಗೆ ಸೇರಿದರೆ 2 ವರ್ಷದಲ್ಲಿ ಬ್ರೈಲ್ ಕೈಗೆ ಹತ್ತುವುದಿಲ್ಲ. ವಿ.ಐ.ಗೆ ಕೊಯಮತ್ತೂರು ಅಥವಾ ಚೆನ್ನೈ ಪೂನಮಲ್ಲಿ ಕಡೆ ಹೋಗಬೇಕಾದೀತು.

ಉಪ್ಪಳದ ಸ್ಕ್ರೀನ್‌ರೀಡರ್
ಸರ್ಟಿಫಿಕೇಟ್ ಮಾತು ಸರಿ, ಟೀಚರೇ. ಆದರೆ ಬ್ರೈಲಿನ ಮೇಲೆ ಇಷ್ಟು ಭಕ್ತಿ ಯಾಕೆ? ಒಂದು ಸಮಾಜ ಪಾಠಪುಸ್ತಕ ಬ್ರೈಲ್ ಆದರೆ ಮೂರ್ನಾಲ್ಕು ದಪ್ಪ ಸಂಪುಟ, ಬಸ್ಸಲ್ಲಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಎನ್‌ವಿಡಿಎ ಎಂಬ ಪರದೆ ಓದುವ ಕಂಪ್ಯೂಟರ್ ತಂತ್ರಾಂಶ ಉಚಿತ, ಕನ್ನಡ ಓದುತ್ತದೆ. ಫೋನಿನಲ್ಲಿ ಅದೇ ಕೆಲಸಕ್ಕೆ ಟಾಕ್‌ಬ್ಯಾಕ್ ಉಂಟು. ತರಬೇತಿಯ ಅರ್ಧ ಹೊತ್ತು ಚುಕ್ಕಿ ಒತ್ತುವುದರಲ್ಲೇ ಕಳೆದರೆ ಮಗು ಹಿಂದೆಯೇ ಉಳಿಯುತ್ತದೆ.

ಪೆರ್ಲದ ಮಾಷ್ಟ್ರು
ಎರಡು ಕಡೆ ನಿಮ್ಮ ಲೆಕ್ಕ ತಪ್ಪುತ್ತದೆ, ಮಾರಾಯ್ರೇ. ಒಂದು, ಪಾಠದ ಪಿಡಿಎಫ್ ಯೂನಿಕೋಡ್ ಅಲ್ಲದ ಹಳೆ ಫಾಂಟಿನಲ್ಲಿದ್ದರೆ ಎನ್‌ವಿಡಿಎ ಓದುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರದೆಯಲ್ಲಿ ಚಂದ ಕಾಣುತ್ತದೆ, ಆದ್ದರಿಂದ ಟೀಚರಿಗೆ ತಪ್ಪು ತಿಳಿಯುವುದೇ ಇಲ್ಲ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಕನ್ನಡ ಬರದಿದ್ದರೆ ಆ ಫೈಲು ಮಗುವಿಗೆ ಪ್ರಯೋಜನವಿಲ್ಲ, ಮೊದಲು ಯೂನಿಕೋಡಿಗೆ ತಿರುಗಿಸಬೇಕು.

ಎರಡು, ಕಾಗುಣಿತ. ಬರೀ ಕೇಳಿ ಕಲಿತ ಮಗುವಿಗೆ ಅಧ್ಯಾಪಕದ ಧ ಎಲ್ಲಿಂದ ಬರಬೇಕು? ಕೃತಕ ಧ್ವನಿಯಲ್ಲಿ ದ, ಧ ಎರಡೂ ಹತ್ತಿರ ಹತ್ತಿರ ಕೇಳುತ್ತವೆ, ನಮ್ಮ ಆಡುಮಾತಿನಲ್ಲೂ ಅಷ್ಟೇ. ಬೆರಳಿಗೆ ಮಾತ್ರ ಅವು ಬೇರೆ. ಬ್ರೈಲಿನ ಒಂದು ಕೋಶದಲ್ಲಿ ಆರು ಚುಕ್ಕಿಯ ಜಾಗ, ಎಡಗಡೆ ಮೇಲಿನಿಂದ 1, 2, 3, ಬಲಗಡೆ 4, 5, 6: ದ ಅಂದರೆ 1-4-5, ಧ ಅಂದರೆ 2-3-4-6.

ಉಪ್ಪಳದ ಸ್ಕ್ರೀನ್‌ರೀಡರ್
ಕಾಗುಣಿತದ ಮಾತು ಒಪ್ಪಿದೆ. ಆದರೆ ಏಳನೇ ಕ್ಲಾಸಿನಲ್ಲಿ ದೃಷ್ಟಿ ಹೋದ ಮಗುವಿಗೆ? ಅಕ್ಷರ ಅದಾಗಲೇ ಗೊತ್ತು. ಅಲ್ಲಿ ಮೊದಲು ಕೀಬೋರ್ಡ್, ಆಮೇಲೆ ಬ್ರೈಲ್.

ಕುಂಬಳೆ ಟೀಚರ್
ಅದು ನ್ಯಾಯ. ಒಂದೇ ಮದ್ದು ಎಲ್ಲರಿಗೂ ಆಗದು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ದೃಷ್ಟಿ ಉಳಿದಿರುವ ಮಗುವಿಗೂ ಬ್ರೈಲ್ ಹಿಡಿಸುವುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ (ಬೇರೆಯವರಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದ ಮಾತ್ರ ಕಾಣುವುದು) ಕಡಿಮೆ ಇದ್ದರೆ ಅಂಧತ್ವ, 6/18ಕ್ಕಿಂತ ಕೆಳಗೆ 3/60ರ ತನಕ ಮಂದದೃಷ್ಟಿ. ಅಂಥ ಮಗು ದೊಡ್ಡ ಅಕ್ಷರ ಓದಬಹುದು. 18 ಪಾಯಿಂಟಿನಿಂದ ಶುರು ಮಾಡಿ, ದಪ್ಪ ಕಪ್ಪು ಪೆನ್ನು, ಹೊಳೆಯದ ಕಾಗದ. ಕಿಟಕಿ ಮಗುವಿನ ಎದುರಿಗೆ ಇರಬಾರದು. ಕರಿಹಲಗೆ ಒರೆಸಿ ಒರೆಸಿ ಬೂದು ಬಣ್ಣ ಆಗಿದ್ದರೆ ಚಾಕ್‌ಪೀಸಿನ ಅಕ್ಷರ ಎಷ್ಟು ದೊಡ್ಡದಾದರೂ ಕಾಣದು. ಆಸ್ಪತ್ರೆಯ ಕಾಗದದ ನಂಬರ್ ನೋಡಿ ತೀರ್ಮಾನ ಮಾಡಬೇಡಿ. ಯಾವ ದೂರದಲ್ಲಿ, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು ದಣಿಯದೆ ಓದುತ್ತದೆ ಅಂತ ತರಗತಿಯಲ್ಲೇ ಕೂತು ನೋಡಬೇಕು.

ನೀರ್ಚಾಲು_6ಚುಕ್ಕಿ
ಬ್ರೈಲ್ ಕಲಿಯುವವರು ಎಡವುವ ಜಾಗ ಹೇಳುತ್ತೇನೆ. ಬ್ರೈಲ್ ಸ್ಲೇಟ್ ಅಂದರೆ ಕಾಗದ ಸಿಕ್ಕಿಸುವ ಚೌಕಟ್ಟು, ಸ್ಟೈಲಸ್ ಅಂದರೆ ಚುಕ್ಕಿ ಚುಚ್ಚುವ ಮೊನೆ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಬರೆಯಬೇಕು, ಚುಕ್ಕಿ ಕಾಗದದ ಹಿಂದೆ ಏಳುತ್ತದೆ. ಬರೆಯುವಾಗ 1, 2, 3 ಬಲಗಡೆ, ಓದುವಾಗ ಎಡಗಡೆ. ತಲೆಯಲ್ಲಿ ಇದು ತಿರುಗದಿದ್ದರೆ ಹ ಬರೆಯಲು ಹೋದವರಿಗೆ ಜ ಬರುತ್ತದೆ, ರ ಹೋಗಿ ಠ, ವ ಹೋಗಿ ಣ, ಇ ಹೋಗಿ ಏ. "ಹರ" ಅಂತ ಬರೆದದ್ದು "ಜಠ" ಆಗಿ ಕೂತಿರುತ್ತದೆ. ಈ ಜೋಡಿಗಳನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಮತ್ತೆ ಒತ್ತಕ್ಷರ. ನಾವು ಒತ್ತನ್ನು ಕೆಳಗೆ ಬರೆಯುತ್ತೇವೆ. ಭಾರತಿ ಬ್ರೈಲಿನಲ್ಲಿ, ಅಂದರೆ ಭಾರತದ ಭಾಷೆಗಳಿಗೆ ಇರುವ ಸಾಮಾನ್ಯ ಬ್ರೈಲಿನಲ್ಲಿ, ಮೇಲೆ-ಕೆಳಗೆ ಇಲ್ಲ, ಎಲ್ಲ ಒಂದೇ ಸಾಲು. 4ನೇ ಚುಕ್ಕಿ ಮೊದಲು, ಆಮೇಲೆ ಎರಡು ವ್ಯಂಜನ. ಅಮ್ಮ ಅಂದರೆ 1, 4, 1-3-4, 1-3-4.

ಮಲಯಾಳ ಬ್ರೈಲ್ ಬೇರೆಯೇ ಕಲಿಯಬೇಕು ಅಂತ ಹೆದರುವವರಿದ್ದಾರೆ. ಹೆದರಬೇಡಿ. ಕ ಎರಡರಲ್ಲೂ 1-3. ಹಳಗನ್ನಡದ ೞ, ಱ ನೆನಪಿದ್ದರೆ ಮಲಯಾಳಕ್ಕೆ ಬೇಕಾದ ಹೆಚ್ಚುವರಿ ಅಕ್ಷರದ ಅಂದಾಜು ಸಿಕ್ಕಿತು. ಕಷ್ಟ ಇಂಗ್ಲಿಷಿನಲ್ಲಿ. ನಮ್ಮ ಧ ಅಲ್ಲಿ "ದಿ" ಎಂಬ ಇಡೀ ಪದ, ಷ ಅಂದರೆ "ಆ್ಯಂಡ್", ಟ ಅಂದರೆ "ವಿತ್". ಕನ್ನಡ ಪಿರಿಯಡ್ಡಿನಿಂದ ಎದ್ದು ಇಂಗ್ಲಿಷಿಗೆ ಕೂತ ಮಗು ಮೊದಲ ಐದು ನಿಮಿಷ ತಡವರಿಸಿದರೆ ದಡ್ಡತನ ಅಂದುಕೊಳ್ಳಬೇಡಿ.

ಪೆರ್ಲದ ಮಾಷ್ಟ್ರು
ಟೀಚರ್ ಕಣ್ಣಿನಲ್ಲಿ ಓದಿದರೆ ಸಾಕೋ, ಬೆರಳಿನಲ್ಲೇ ಓದಬೇಕೋ? ಕಣ್ಣಿನಲ್ಲಿ ಸಾಕು ಅಂತ ನನ್ನ ಅಭಿಪ್ರಾಯ. ಟಾರ್ಚನ್ನು ಓರೆಯಾಗಿ ಹಿಡಿದರೆ ಚುಕ್ಕಿಯ ನೆರಳು ಬೀಳುತ್ತದೆ, ನೋಟ್‌ಬುಕ್ ತಿದ್ದಲು ಅಷ್ಟು ಸಾಕು.

ನೀರ್ಚಾಲು_6ಚುಕ್ಕಿ
ತಿದ್ದಲು ಸಾಕು, ಕಲಿಸಲು ಸಾಲದು ಮಾಷ್ಟ್ರೇ. ವೇಗವಾಗಿ ಓದಬೇಕೆಂದು ನಾನೂ ಹೇಳುವುದಿಲ್ಲ. ಬೆರಳು ಹೇಗೆ ಚಲಿಸುತ್ತದೆ ಅಂತ ಗೊತ್ತಿರಬೇಕು. ಒಂದೇ ಅಕ್ಷರದ ಮೇಲೆ ಮೇಲೆ-ಕೆಳಗೆ ಉಜ್ಜುವ ಮಗು ಚುಕ್ಕಿ ಎಣಿಸುತ್ತಿದೆ, ಓದುತ್ತಿಲ್ಲ. ಬೆರಳು ಹಗುರವಾಗಿ ಅಡ್ಡಕ್ಕೆ ಜಾರಬೇಕು, ಎಡಗೈ ಮುಂದಿನ ಸಾಲು ಹುಡುಕಿ ಇಟ್ಟಿರಬೇಕು. ಪೂರ್ತಿ ಆರು ಚುಕ್ಕಿಯ ಕೋಶ ಸಾಲಾಗಿ ಒತ್ತಿ, ನಡುವೆ ಒಂದರಲ್ಲಿ ಒಂದು ಚುಕ್ಕಿ ಬಿಟ್ಟು, ಎಲ್ಲಿ ತಪ್ಪಿದೆ ಹುಡುಕಿಸಿ. ಅಕ್ಷರ ಹೇಳಿಕೊಡುವ ಮೊದಲಿನ ಪಾಠ ಅದು.

ಮಳೆಗಾಲದ ಮಾತೂ ಬಂತು. ಜೂನ್ ಆದ ಮೇಲೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಓದಿ ಓದಿ ಚುಕ್ಕಿ ಕೂತುಬಿಡುತ್ತದೆ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ.

ಮುಳ್ಳೇರಿಯ_ಕೋಲು
ಎಲ್ಲರೂ ಅಕ್ಷರದಲ್ಲೇ ನಿಂತಿರಿ. ನಡೆದಾಟ ಯಾರು ಕಲಿಸುವುದು? ಬಿಳಿಕೋಲಿನ ಉದ್ದ ನೆಲದಿಂದ ಎದೆಮೂಳೆಯ ಕೆಳತುದಿಯ ತನಕ, ಮಗು ಬೆಳೆದಂತೆ ಬದಲಿಸಬೇಕು. ಕೋಲು ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು ಬೀಸಬೇಕು, ಎಡಗಾಲು ಮುಂದಿಟ್ಟಾಗ ತುದಿ ಬಲಕ್ಕೆ ತಾಗಬೇಕು. ಕಾಲೇಜಿನ ಕಾರಿಡಾರಿನಲ್ಲಿ ಇದು ಸುಲಭ. ಇಲ್ಲಿ ಮುರಕಲ್ಲಿನ ಮೆಟ್ಟಿಲು ಒಂದೊಂದು ಒಂದೊಂದು ಎತ್ತರ, ಫುಟ್‌ಪಾತ್ ಇಲ್ಲ, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡಿಕೆಮರದ ಸಂಕ (ಕಾಲುಸೇತುವೆ). ಸಂಕದ ಮೇಲೆ ಬೀಸುವ ಕ್ರಮ ನಡೆಯದು. ಕೋಲಿನ ತುದಿಯನ್ನು ಮರಕ್ಕೆ ತಾಗಿಸಿಯೇ ಜಾರಿಸಬೇಕು, ಮಗು ದೊಡ್ಡವರ ಹಿಂದೆ ಇರಬೇಕು. ಜೋರು ಮಳೆಯಲ್ಲಿ ವಾಹನದ ಸದ್ದೂ ತೋಡಿನ ಸದ್ದೂ ಒಂದಾಗುತ್ತದೆ, ಆಗ ಒಂಟಿಯಾಗಿ ರಸ್ತೆ ದಾಟಿಸುವ ಅಭ್ಯಾಸ ಬೇಡ. ಕೈಹಿಡಿದು ಮುಂದಕ್ಕೆ ದೂಡುವುದಂತೂ ಯಾವಾಗಲೂ ತಪ್ಪು. ಮಗು ನಿಮ್ಮ ಮೊಣಕೈ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ. ತೀರಾ ಸಣ್ಣದಾದರೆ ಮಣಿಕಟ್ಟು ಹಿಡಿಯಲಿ.

ಪೆರ್ಲದ ಮಾಷ್ಟ್ರು
ಕೋಲಿನ ಮಾತಿಗೆ ಎದುರಿಲ್ಲ. ನಕ್ಷೆಯದ್ದೂ ಹೀಗೆಯೇ. ಕಾಸರಗೋಡಿನ ನಕ್ಷೆಯಲ್ಲಿ ಕರಾವಳಿ, ರೈಲು, ರಾಷ್ಟ್ರೀಯ ಹೆದ್ದಾರಿ 66 ಮೂರೂ ಉದ್ದಕ್ಕೆ ಪಕ್ಕಪಕ್ಕ. ಪುಸ್ತಕದಲ್ಲಿದ್ದ ಹಾಗೆ ದಾರ ಅಂಟಿಸಿದರೆ ಬೆರಳಿಗೆ ಮೂರೂ ಒಂದೇ ಗೆರೆ. ಗೆರೆಗಳ ನಡುವೆ ಅರ್ಧ ಸೆಂಟಿಮೀಟರ್ ಆದರೂ ಬೇಕು. ಕರಾವಳಿಗೆ ದಪ್ಪ ಹುರಿ, ಚಂದ್ರಗಿರಿ ಹೊಳೆಗೆ ತೆಳು ನೂಲು, ಸಮುದ್ರಕ್ಕೆ ಉಪ್ಪುಕಾಗದ. ರೈಲು, ರಸ್ತೆಗೆ ಇನ್ನೊಂದು ಹಾಳೆ.

ಇನ್ನೊಂದು ವಿಷಯ. ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ಪ್ರೈಮರಿಯಲ್ಲಿ 10 ಮಕ್ಕಳಿಗೆ, ಅಪ್ಪರ್ ಪ್ರೈಮರಿಯಲ್ಲಿ 15 ಮಕ್ಕಳಿಗೆ ಒಬ್ಬ ಸ್ಪೆಷಲ್ ಟೀಚರ್ ಅಂತ ನಿಗದಿ ಮಾಡಿದೆ. ಅದರಲ್ಲಿ ಎಲ್ಲ ಬಗೆಯ ಸವಾಲಿನ ಮಕ್ಕಳೂ ಬರುತ್ತಾರೆ. ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಊರುಗಳಲ್ಲಿ ದೃಷ್ಟಿಯ ಜೊತೆ ಕೈಕಾಲು, ಮಾತು, ಬುದ್ಧಿ ಎಲ್ಲದಕ್ಕೂ ತೊಂದರೆ ಇರುವ ಮಕ್ಕಳಿದ್ದಾರೆ. ಸ್ಟೈಲಸ್ ಹಿಡಿಯಲಾಗದ ಮಗುವಿಗೆ ವಸ್ತುವೇ ಅಕ್ಷರ: ಊಟಕ್ಕೆ ಮುಂಚೆ ಪ್ರತಿದಿನ ಅದೇ ಚಮಚ, ಹೊರಗೆ ಹೋಗುವ ಮುಂಚೆ ಅದೇ ಟೊಪ್ಪಿ. ಇಂಟರ್ನ್‌ಶಿಪ್ಪಿನಲ್ಲಿ ಆಯ್ಕೆ ಕೊಟ್ಟರೆ ಒಂದು ತಿಂಗಳಾದರೂ ಬಡ್ಸ್ ಶಾಲೆ (ಬೌದ್ಧಿಕ ಸವಾಲಿನ ಮಕ್ಕಳಿಗೆ ಕೇರಳದ ಸ್ಥಳೀಯ ಸಂಸ್ಥೆಗಳು ನಡೆಸುವ ಶಾಲೆ) ಕೇಳಿ.

ಬದಿಯಡ್ಕ_ಹೊಸಬ
ಸೀಟು ಸಿಗುವ ತನಕ ಮನೆಯಲ್ಲೇ ಶುರು ಮಾಡಲು ಎಂತ ಬೇಕು? ಕೈಯಲ್ಲಿ ಜೆರಾಕ್ಸ್ ಕಾಗದ ಉಂಟು. ಪ್ರಯತ್ನಕ್ಕೆ ಕನ್ನಡ ಅಂತ ಬರೆಯುವುದಾದರೆ 1-3, 1-3-4-5, 4, 1-3-4-5, 1-2-4-6 ಸರಿಯಾ?

ನೀರ್ಚಾಲು_6ಚುಕ್ಕಿ
ಸ್ಲೇಟ್, ಸ್ಟೈಲಸ್, ದಪ್ಪ ಕಾಗದ. ಜೆರಾಕ್ಸಿನದ್ದು ಚುಚ್ಚಿದರೆ ತೂತಾಗುತ್ತದೆ. 140 ಜಿಎಸ್‌ಎಂ ಕೇಳಿ, ಸಿಗದಿದ್ದರೆ ಹಳೆ ಕ್ಯಾಲೆಂಡರಿನ ಹಾಳೆ. 4ನೇ ಚುಕ್ಕಿ ಎರಡು ನ ನಡುವೆ ಹಾಕಿದ್ದೀರಿ, ಅದು ಮೊದಲ ನ-ಗಿಂತ ಮುಂಚೆ ಬರಬೇಕು: 1-3, 4, 1-3-4-5, 1-3-4-5, 1-2-4-6. ಹಾಳೆ ತಿರುಗಿಸಿ, ಕಣ್ಣು ಮುಚ್ಚಿ ಓದಿ ನೋಡಿ.