ಗ್ರೋತ್ ಫ್ಯಾಕ್ಟರ್, ರಿಸೆಪ್ಟರ್, ಸಿಗ್ನಲಿಂಗ್: ಫಲಕಕ್ಕೆ ಪದ ಬೇಕು, ಇವತ್ತೇ

ಬದಿಯಡ್ಕದಿಂದ:
ಕೇರಳದ ಕಾಸರಗೋಡು ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಗೋಡೆಯಲ್ಲಿ ಮಾದಕ ವಸ್ತುಗಳ ಬಗ್ಗೆ ಫಲಕ ಬರೆಸುತ್ತಿದ್ದೇವೆ. ಮಲಯಾಳದ್ದು ಆಗಿದೆ, ಕನ್ನಡದ್ದು ನನ್ನ ತಲೆಗೆ ಬಂದಿದೆ. ಪೇಂಟರ್ ಸಂಜೆ ಬರುತ್ತಾರೆ. ವಿಷಯ ಇಷ್ಟು: ಮಿದುಳಿನಲ್ಲಿ ಬಿಡಿಎನ್‌ಎಫ್ ಅನ್ನುವ ಪ್ರೋಟೀನ್ ಇದೆ, ಗ್ರೋತ್ ಫ್ಯಾಕ್ಟರ್ ಅನ್ನುವುದು ಇದನ್ನೇ. ಅದು ನರಕೋಶದ ಮೇಲೆ ಅದನ್ನು ಹಿಡಿದುಕೊಳ್ಳಲು ಇರುವ ಟ್ರಾಕ್-ಬಿ ರಿಸೆಪ್ಟರಿಗೆ ಅಂಟಿಕೊಂಡರೆ ಒಳಗೆ ಸಿಗ್ನಲ್ ಹೋಗಿ, ಕೋಶಗಳ ನಡುವಿನ ಕೊಂಡಿಗಳು ಗಟ್ಟಿಯಾಗುತ್ತವೆ. ಕೊಕೇನ್ ಚಟ ಹತ್ತಿಸಿದ ಇಲಿಗಳಿಗೆ ಅದನ್ನು ಕೊಡುವುದು ನಿಲ್ಲಿಸಿದ ಮೇಲೂ ವಾರಗಟ್ಟಲೆ ಈ ಪ್ರೋಟೀನ್ ಮಿದುಳಿನ ಕೆಲವು ಭಾಗಗಳಲ್ಲಿ ಏರುತ್ತಲೇ ಹೋಗುತ್ತದೆ, ಹಂಬಲವೂ ಜೊತೆಗೇ ಏರುತ್ತದೆ. ಏಳನೇ ಕ್ಲಾಸಿನ ಮಕ್ಕಳಿಗೆ ತಿಳಿಯಬೇಕು. 'ಬೆಳವಣಿಗೆ ಅಂಶ', 'ಗ್ರಾಹಕ' ಅಂತಲೇ ಇಟ್ಟುಬಿಡಲಾ?

ಮಂಜೇಶ್ವರದಿಂದ:
ಅಂಶ ತಪ್ಪು. ಅಂಶ ಅಂದರೆ ಪಾಲು. ಫ್ಯಾಕ್ಟರ್ ಲ್ಯಾಟಿನ್ನಿನಲ್ಲಿ 'ಮಾಡುವವನು'. ಹಾಗಾಗಿ 'ಬೆಳೆಸುಗ'. ಸಿಗ್ನಲಿಗೆ 'ಸನ್ನೆ' ಇದ್ದೇ ಇದೆ. ಮಾದಕ ವಸ್ತು ಯಾಕೆ? 'ಸೊಕ್ಕುಮದ್ದು' ಅನ್ನಿ. ಹಳಗನ್ನಡದ ಸೊರ್ಕು ಅಮಲೇ. ಸಂಸ್ಕೃತ ಬಿಟ್ಟು ಒಂದು ಸಾಲು ಬರೆಯಲು ನಮ್ಮವರು ಯಾವಾಗ ಕಲಿಯುತ್ತಾರೋ.

ಕುಂಬಳೆಯಿಂದ:
ಮಾಸ್ಟ್ರೇ, ಸೊಕ್ಕುಮದ್ದು ಅಂದರೆ ಮಕ್ಕಳ ಸೊಕ್ಕು ಇಳಿಸುವ ಮದ್ದು ಅಂತ ಓದುತ್ತಾರೆ. ಸುಮ್ನೆ ಯಾಕೆ? ನಿಮ್ಮ ಸನ್ನೆಯೂ ಸಂಜ್ಞೆಯ ತದ್ಭವವೇ. ಆದರೂ ಪದ ಚೆನ್ನಾಗಿದೆ, ಇರಲಿ.

ಟೀಚರೇ, ಗ್ರಾಹಕ ಮಾತ್ರ ಬೇಡ. ಜೀವಶಾಸ್ತ್ರದ ಪುಸ್ತಕದಲ್ಲಿ ಸರಿ. ಇಲ್ಲಿ 'ಗ್ರಾಹಕಗಳ ಮೇಲೆ ಎಂಡಿಎಂಎ ಪರಿಣಾಮ' ಅಂತ ಆ ಮಾದಕ ವಸ್ತುವಿನ ಬಗ್ಗೆ ಬರೆದರೆ ಕೊಂಡುಕೊಳ್ಳುವವರ ಕಥೆ ಅಂದುಕೊಳ್ಳುತ್ತಾರೆ. ಗ್ರಾಹಿ ಅನ್ನಿ.

ಅದಕ್ಕಿಂತ ದೊಡ್ಡ ತೊಂದರೆ 'ಬೆಳವಣಿಗೆ'. ಬೆಳೆಸುಗವೂ ಅಷ್ಟೇ. ಕೊಕೇನ್ ಬೆಳವಣಿಗೆ ಅಂಶವನ್ನು ಹೆಚ್ಚಿಸುತ್ತದೆ ಅಂತ ಓದಿದ ಹುಡುಗನಿಗೆ ಅದು ಟಾನಿಕ್ ಥರ ಕೇಳಿಸುತ್ತದೆ, ಅಲ್ವಾ? ಈ ಪ್ರೋಟೀನ್ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಎಲ್ಲಿ ಏರಿತು ಅನ್ನುವುದೇ ಮುಖ್ಯ. ಅರಿವಳಿಕೆ ಮದ್ದು ಕೆಟಮಿನ್ ಕೊಟ್ಟ ಇಲಿಗಳಲ್ಲಿ ಮಿದುಳಿನ ಮುಂಭಾಗದಲ್ಲಿ ಇದೇ ದಾರಿ ಚುರುಕಾಗಿ ಹೊಸ ಕೊಂಡಿಗಳು ಮೂಡುತ್ತವೆ. ಆ ಕೆಟಮಿನ್‌ನದ್ದೇ ಒಂದು ರೂಪವನ್ನು ಖಿನ್ನತೆಗೆ ಮೂಗಿನ ಸ್ಪ್ರೇ ಆಗಿ ಅಮೆರಿಕದಲ್ಲಿ 2019ರಲ್ಲಿ ಒಪ್ಪಿದ್ದಾರೆ. ಕೊಕೇನ್ ಬಿಟ್ಟಾಗ ಏರುವುದು ಸುಖದ ಬೆನ್ನು ಹತ್ತಿಸುವ ಭಾಗಗಳಲ್ಲಿ. ಅಲ್ಲಿ ಗಟ್ಟಿಯಾಗುವುದು ಚಟ.

ವಿಜ್ಞಾನಿಗಳಾದ ಬಾರ್ಡ್ ಮತ್ತು ಥೋನೆನ್ 1982ರಲ್ಲಿ ಬಿಡಿಎನ್‌ಎಫನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದಾಗ ನೋಡಿದ್ದು ನರಕೋಶ ಸಾಯದೆ ಉಳಿಯುವುದನ್ನು. ಹೆಸರಿನ ನಡುವಿನ 'ನ್ಯೂರೋಟ್ರೋಫಿಕ್'ನಲ್ಲಿ ಇರುವುದೂ ಪೋಷಣೆ. ಆದರೆ 'ಪೋಷಕ' ಅಂದರೆ ಶಾಲೆಯ ಗೋಡೆಯಲ್ಲಿ ಅಪ್ಪ ಅಮ್ಮ ಆಗಿಬಿಡುತ್ತಾರೆ! ಹಾಗಾಗಿ ಪದ ಹುಡುಕುವುದು ಬಿಟ್ಟು 'ಕೊಂಡಿ ಗಟ್ಟಿಮಾಡುವ ಪ್ರೋಟೀನ್' ಅಂತ ಬಿಡಿಸಿ ಬರೆಯಿರಿ. ತಲೆಬರಹದಲ್ಲಿ 'ಲಹರಿ ವಿರೋಧಿ' ಅಂತೂ ಹಾಕಲೇಬೇಡಿ. ಲಹರಿ ಅಂದರೆ ಅಮಲು ಅನ್ನುವುದು ಮಲಯಾಳದ ಅರ್ಥ. ಘಟ್ಟದ ಮೇಲಿನವರು ಸಂಗೀತಕ್ಕೆ ವಿರೋಧ ಅಂದುಕೊಂಡಾರು.

ಉಪ್ಪಳದಿಂದ:
ಫಲಕ ಘಟ್ಟದ ಮೇಲಿನವರಿಗಾ? ನಮ್ಮ ಮಕ್ಕಳಿಗೆ ಲಹರಿ ಅಂದರೆ ಏನು ಅಂತ ಬಸ್‌ಸ್ಟ್ಯಾಂಡಿನ ಬೋರ್ಡ್ ನೋಡಿಯೇ ಗೊತ್ತು. ಅಮಲು ಅರಬಿಯಿಂದ ಬಂತು, ಅಮಲ್ದಾರನೂ ಅದೇ ಮನೆಯವನು, ಅವರಿಬ್ಬರನ್ನೂ ಒಳಗೆ ಕೂರಿಸಿ ಮಲಯಾಳದಿಂದ ಬಂದದ್ದನ್ನು ಮಾತ್ರ ಜಗಲಿಯಲ್ಲಿ ನಿಲ್ಲಿಸುವುದು ಯಾವ ನ್ಯಾಯ ಮಾರಾಯರೇ?

ಹೊಸೂರಿನಿಂದ:
ಹಾಗಾದರೆ ನಾವು ತಮಿಳಿನ 'ಬೋದೈ' ಬರೆಯುತ್ತೇವೆ, ಸೊಲ್ಲಾಪುರದವರು ಮರಾಠಿಯ 'ನಶಾ' ಬರೆಯಲಿ. ಒಬ್ಬರ ಫಲಕ ಇನ್ನೊಬ್ಬರಿಗೆ ಓದಲು ದುಭಾಷಿ ಬೇಕಾಗುತ್ತದೆ. ಗಡಿಯಲ್ಲಿ ಇರುವವರೇ ಜಾಸ್ತಿ ಎಚ್ಚರ ಇರಬೇಕು.

ಬದಿಯಡ್ಕದಿಂದ:
ಗ್ರಾಹಿ, ಸನ್ನೆ, ಕೊಂಡಿ ಗಟ್ಟಿಮಾಡುವ ಪ್ರೋಟೀನ್. ಮೇಲೆ 'ಅಮಲು ಪದಾರ್ಥ'. ಮುಗಿಯಿತು.

ಮಂಜೇಶ್ವರದಿಂದ:
ಪದಾರ್ಥ ಅಂದರೆ ನಮ್ಮಲ್ಲಿ ಅನ್ನದ ಜೊತೆ ಬಡಿಸುವುದು.