ಶಿಫ್ಟ್ ಮುಗಿದರೂ ಮಾಲೀಕರಿಗೆ ನಿದ್ದೆ ಇಲ್ಲ: ಮನೋವೈದ್ಯರ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ತುಮಕೂರಿನ ಸಣ್ಣ ಕೈಗಾರಿಕೆಯವರ ನಮ್ಮ ಈ ಬಳಗದಲ್ಲಿ ಇವತ್ತು ಊರಿನ ಮನೋವೈದ್ಯರೊಬ್ಬರು ಉತ್ತರ ಕೊಡ್ತಾರೆ. ವಿಷಯ: ಯೂನಿಟ್ ನಡೆಸೋರಿಗೆ ರಾತ್ರಿ ನಿದ್ದೆ ಯಾಕೆ ಹತ್ತಲ್ಲ. ದಯವಿಟ್ಟು ಪ್ರಶ್ನೆ ಮಾತ್ರ, ಫಾರ್ವರ್ಡ್ ಬೇಡ.

ಪ್ಯಾಕಿಂಗ್ ಯೂನಿಟ್, ವಸಂತನರಸಾಪುರ: ಡಾಕ್ಟ್ರೇ, ಹತ್ತೂವರೆಗೆ ಕಣ್ಣು ಎಳೀತಾ ಇರುತ್ತೆ. ದಿಂಬಿಗೆ ತಲೆ ಇಟ್ಟ ತಕ್ಷಣ ಫುಲ್ ಎಚ್ಚರ. ನಾಳೆ ಲಾರಿ ಬರುತ್ತಾ, ಆಪರೇಟರ್ ಕೈ ಕೊಡ್ತಾನಾ, ಎಲ್ಲ ಸಾಲಾಗಿ ಬರುತ್ತೆ. ಹುಡುಗರೆಲ್ಲ ಆರಾಮಾಗಿ ಮಲಗ್ತಾರೆ, ನನಗೆ ಮಾತ್ರ ಯಾಕೆ ಹಿಂಗೆ?

ಡಾಕ್ಟರ್: ಹುಡುಗರಿಗೆ ಶಿಫ್ಟ್ ಮುಗಿಯೋ ಸೈರನ್ ಇದೆ, ನಿಮಗಿಲ್ಲ. ಹಗಲೆಲ್ಲ ಫೋನು, ಜನ. ಯೋಚನೆ ಮಾಡೋಕೆ ಪುರುಸೊತ್ತು ಸಿಗೋದೇ ಹಾಸಿಗೆಯಲ್ಲಿ. ತಿಂಗಳುಗಟ್ಟಲೆ ಹೀಗಾದ್ರೆ ಹಾಸಿಗೆ ಕಂಡ ಕೂಡಲೇ ಮೆದುಳು ಮೀಟಿಂಗ್ ಶುರು ಅಂದುಕೊಳ್ಳುತ್ತೆ. ನಾಳೆ ಏನು, ಯಾರು ಮಾಡ್ತಾರೆ ಅನ್ನೋದನ್ನ ಮಲಗೋ ಮುಂಚೆ ಕಾಗದದಲ್ಲಿ ಬರೀರಿ, ಮೊಬೈಲಲ್ಲಿ ಅಲ್ಲ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರ ಮೇಲೆ ನೋಡಿದ್ರು: ಮುಗಿದ ಕೆಲಸ ಬರೆದವರಿಗಿಂತ ಮುಂದೆ ಮಾಡಬೇಕಾದ್ದನ್ನ 5 ನಿಮಿಷ ಬರೆದವರಿಗೆ ಬೇಗ ನಿದ್ದೆ ಹತ್ತಿತು. ಸಣ್ಣ ಪ್ರಯೋಗವೇ, ಆದ್ರೆ ನಿಮಗೇನು ಖರ್ಚಿಲ್ಲವಲ್ಲ. ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಬರಲಿಲ್ಲ ಅನಿಸಿದ್ರೆ ಎದ್ದು ಹಾಲ್‌ಗೆ ಹೋಗಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ಬೆಳಗ್ಗೆ ಏಳೋ ಟೈಮ್ ಮಾತ್ರ ದಿನಾ ಒಂದೇ, ಭಾನುವಾರನೂ.

ರೈಸ್ ಮಿಲ್, ಬಟವಾಡಿ: *ಫಾರ್ವರ್ಡ್: ಬಿಸಿ ಹಾಲಿಗೆ ಒಂದು ಚಮಚ ಜಾಯಿಕಾಯಿ ಪುಡಿ. 3 ದಿನದಲ್ಲಿ ಮಗುವಿನಂಥ ನಿದ್ದೆ. ಡಾಕ್ಟರುಗಳು ಬಚ್ಚಿಟ್ಟ ರಹಸ್ಯ!*

ಡಾಕ್ಟರ್: ಚಿಟಿಕೆ ಆದ್ರೆ ಅಡುಗೆ. ಚಮಚಗಟ್ಟಲೆ ಆದ್ರೆ ವಿಷ. ವಾಂತಿ, ಎದೆಬಡಿತ, ಭ್ರಮೆ ಎಲ್ಲ ಬರುತ್ತೆ. ಅಳಿಸಿ.

ರೈಸ್ ಮಿಲ್, ಬಟವಾಡಿ: ನಮ್ಮಜ್ಜಿ ಕೊಡ್ತಿದ್ರು ಸಾರ್.

ಡಾಕ್ಟರ್: ನಿಮ್ಮಜ್ಜಿ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಕೊಡ್ತಿದ್ರು. ಮಿಕ್ಸಿಗೆ ಹಾಕಿ ಚಮಚದಲ್ಲಿ ಅಳೀತಿರಲಿಲ್ಲ.

ಸಿಎನ್‌ಸಿ ಜಾಬ್ ವರ್ಕ್, ಹಿರೇಹಳ್ಳಿ: ಸಂಜೆ ಏಳಕ್ಕೆ ಒಂದು ಫಿಲ್ಟರ್ ಕಾಫಿ ಕುಡೀಬಹುದಾ?

ಡಾಕ್ಟರ್: ಕುಡಿದ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಮಧ್ಯಾಹ್ನದ ಮೇಲೆ ಬೇಡ.

ಅಂತರಸನಹಳ್ಳಿ ಯೂನಿಟ್, ಲೆಕ್ಕಪತ್ರ: ನಮಸ್ತೆ ಡಾಕ್ಟ್ರೇ. ನಮ್ಮ ಯಜಮಾನರ ಯೂನಿಟ್ಟಿನ ಲೆಕ್ಕ ನಾನೇ ನೋಡೋದು. ಅವರಿಗೆ 51, ಮೈ ಭಾರ, ಬಿಪಿಗೆ ಎರಡು ಥರ ಮಾತ್ರೆ. ರಾತ್ರಿ ಮೂರಕ್ಕೆ ದಡಕ್ಕನೆ ಎದ್ದು ಕೂತು ಮೊಬೈಲಲ್ಲಿ ಬ್ಯಾಂಕ್ ಬ್ಯಾಲೆನ್ಸ್ ನೋಡ್ತಾರೆ. ಕೇಳಿದ್ರೆ ಟೆನ್ಷನ್ ಅಂತಾರೆ. ಗೊರಕೆ ಪಕ್ಕದ ರೂಮಿಗೂ ಕೇಳುತ್ತೆ, ಮಧ್ಯೆ ಸದ್ದೇ ನಿಂತು ಹೋಗಿ ಆಮೇಲೆ ಗಕ್ಕನೆ ಉಸಿರು ಎಳ್ಕೋತಾರೆ. ಪರಿಚಯದ ಮೆಡಿಕಲ್ ಶಾಪಿಂದ ಅಲ್ಪ್ರಾಜೋಲಂ ಅನ್ನೋ ನಿದ್ದೆ ಬರಿಸೋ ಮಾತ್ರೆ ತಂದು ಒಂದು ವರ್ಷದಿಂದ ದಿನಾ ತಗೋತಿದ್ದಾರೆ. ಹೋದ ವಾರ ಪೀಣ್ಯದಿಂದ ಬರ್ತಾ ಕ್ಯಾತ್ಸಂದ್ರ ಟೋಲ್ ಕ್ಯೂನಲ್ಲಿ ತೂಕಡಿಸಿ ಮುಂದಿನ ಕಾರಿಗೆ ತಾಗಿಸಿದ್ರು. ಟೆನ್ಷನ್ ಕಮ್ಮಿ ಆಗೋಕೆ ಏನು ಮಾಡಲಿ?

ಡಾಕ್ಟರ್: ಉಳಿದವರು ಸ್ವಲ್ಪ ತಡೀರಿ. ಅಮ್ಮ, ರಾತ್ರಿ ಕುಡೀತಾರಾ?

ಅಂತರಸನಹಳ್ಳಿ ಯೂನಿಟ್, ಲೆಕ್ಕಪತ್ರ: ವಾರದಲ್ಲಿ ಮೂರ್ನಾಲ್ಕು ದಿನ.

ಡಾಕ್ಟರ್: ಹಾಗಾದ್ರೆ ಇದನ್ನ ಟೆನ್ಷನ್ ಲೆಕ್ಕಕ್ಕೆ ಹಾಕಿ ಬಿಡಬೇಡಿ. ನೀವು ಹೇಳಿದ್ದು ಸ್ಲೀಪ್ ಆಪ್ನಿಯಾ ಥರ ಇದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲ ಆಗಿ ಉಸಿರಿನ ದಾರಿ ಮುಚ್ಚುತ್ತೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ, ಎದೆ ಹೊಡ್ಕೊಳುತ್ತೆ. ಅವರಿಗೆ ಎಚ್ಚರ ಆಗ್ತಿರೋದು ಉಸಿರಿಗೆ ಇರಬಹುದು. ಎದ್ದ ಮೇಲೆ ಕೈಗೆ ಸಿಗೋದು ಬ್ಯಾಂಕ್ ಬ್ಯಾಲೆನ್ಸ್, ಅದಕ್ಕೇ ಕಂಪನಿ ಚಿಂತೆಯಿಂದ ಎದ್ದೆ ಅಂದ್ಕೋತಾರೆ. ಬಿಸಿನೆಸ್ ನಡೆಸೋರಲ್ಲಿ ಈ ಕಾಯಿಲೆ ಕಣ್ಣು ತಪ್ಪೋದೇ ಹೀಗೆ, ಚಿಂತೆಗೆ ಕಾರಣ ಅವರ ಹತ್ರ ಯಾವಾಗಲೂ ರೆಡಿ ಇರುತ್ತೆ. ಬಿಪಿ ಹತೋಟಿಗೆ ಬರದೇ ಇರೋಕೂ ಇದೇ ಕಾರಣ ಇರಬಹುದು.

ನನಗೆ ಭಯ ಆಗ್ತಿರೋದು ಮಾತ್ರೆ ಮತ್ತು ಕುಡಿತ ಎರಡೂ ಸೇರಿರೋದಕ್ಕೆ. ಎರಡೂ ಗಂಟಲನ್ನ ಇನ್ನೂ ಸಡಿಲ ಮಾಡ್ತವೆ, ಉಸಿರಾಟ ತಗ್ಗಿಸ್ತವೆ. ಕುಡಿತ ಇವತ್ತೇ ಬೇಡ. ಆದ್ರೆ ಮಾತ್ರೆ ಮಾತ್ರ ಒಂದೇ ಸಲ ನಿಲ್ಲಿಸಬೇಡಿ, ಕಿತ್ತು ಬಿಸಾಕಲೂಬೇಡಿ. ವರ್ಷದಿಂದ ತಗೊಂಡದ್ದನ್ನ ಥಟ್ಟನೆ ಬಿಟ್ರೆ ಫಿಟ್ಸ್ ಬರಬಹುದು. ನಿಧಾನವಾಗಿ ಇಳಿಸಬೇಕು, ಅದನ್ನ ನಾವು ಬರೆದು ಕೊಡ್ತೀವಿ. ಚೀಟಿ ಇಲ್ಲದೆ ಆ ಅಂಗಡಿಯವರು ಅದನ್ನ ಮಾರೋ ಹಾಗೇ ಇಲ್ಲ.

ರಾತ್ರಿ ಮಲಗಿಸಿ ಮಾಡೋ ಸ್ಲೀಪ್ ಟೆಸ್ಟ್ ಇದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ತಗ್ಗಿತು ಅಂತ ಎಣಿಸ್ತಾರೆ. 5ರ ಒಳಗಿದ್ರೆ ಸರಿ, 30 ದಾಟಿದ್ರೆ ತೀವ್ರ. ಬೇಕಾದ್ರೆ ಸಿಪ್ಯಾಪ್ ಅನ್ನೋ, ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಮಾಸ್ಕ್ ಮೆಷಿನ್ ಕೊಡ್ತಾರೆ. ಅಲ್ಲಿವರೆಗೆ ಮಗ್ಗುಲಾಗಿ ಮಲಗಿಸಿ. ಕಾರು ಓಡಿಸೋದು ಪೂರ್ತಿ ಬಂದ್. ಟೋಲ್ ಕ್ಯೂನಲ್ಲಿ ಆಗಿದ್ದು ಹೈವೇ ಮೇಲೆ ಆಗಬಾರದು.

ಫ್ಯಾಬ್ರಿಕೇಷನ್, ಸತ್ಯಮಂಗಲ: ಇದೆಲ್ಲ ಇರಲಿ ಸಾರ್. ಪೇಮೆಂಟ್ ಟೈಮಿಗೆ ಬಂದ್ರೆ ನಿದ್ದೆ ತಾನಾಗೇ ಬರುತ್ತೆ.

ಸಿ.ಎ., ಎಸ್‌ಐಟಿ ಬಡಾವಣೆ: ಅದಕ್ಕೇ ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆ ಇದೆ. ಪೇಮೆಂಟ್ 45 ದಿನ ಮೀರಿದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿ.

ಫ್ಯಾಬ್ರಿಕೇಷನ್, ಸತ್ಯಮಂಗಲ: ದೂರು ಹಾಕಿದ್ರೆ ಮುಂದಿನ ಆರ್ಡರ್ ನೀವು ಕೊಡ್ತೀರಾ? ಎಸಿ ರೂಮಲ್ಲಿ ಕೂತು ಹೇಳೋದು ಸುಲಭ.

ಸಿಎನ್‌ಸಿ ಜಾಬ್ ವರ್ಕ್, ಹಿರೇಹಳ್ಳಿ: ಅಣ್ಣ, ನನ್ನ ಮಾರ್ಚ್ ಬಿಲ್ ನಿಮ್ಮ ಹತ್ರಾನೇ ನಿಂತಿದೆಯಲ್ಲ?

ಫ್ಯಾಬ್ರಿಕೇಷನ್, ಸತ್ಯಮಂಗಲ: ಇದನ್ನ ಗ್ರೂಪಲ್ಲಿ ಕೇಳ್ತಾರೇನಪ್ಪಾ? ನಿನ್ನ ರಿಜೆಕ್ಷನ್ ಪೀಸಿನ ಫೋಟೋ ಹಾಕ್ಲಾ ಇಲ್ಲೇ?

ಸಿಎನ್‌ಸಿ ಜಾಬ್ ವರ್ಕ್, ಹಿರೇಹಳ್ಳಿ: ಹಾಕಿ. ಡ್ರಾಯಿಂಗ್ ಬದಲಾಯಿಸಿದ್ದು ಯಾರು ಅಂತ ಎಲ್ಲರೂ ನೋಡ್ಲಿ.

ಅಡ್ಮಿನ್: ದಯವಿಟ್ಟು ಇಬ್ರೂ ಪರ್ಸನಲ್ ಆಗಿ ಮಾತಾಡ್ಕೊಳ್ಳಿ.

ಕೊಬ್ಬರಿ ವ್ಯಾಪಾರ, ತಿಪಟೂರು: ಸಾಧಕರೆಲ್ಲ ನಾಲ್ಕೇ ಗಂಟೆ ಮಲಗೋದಂತೆ. ನಾನೂ ಅಷ್ಟೇ. ರಾತ್ರಿ ಹನ್ನೊಂದಕ್ಕೂ ಸ್ಟಾಫ್ ಗ್ರೂಪಲ್ಲಿ ಆಕ್ಟಿವ್ ಇರ್ತೀನಿ.

ಡಾಕ್ಟರ್: ಪಾಪ ನಿಮ್ಮ ಸ್ಟಾಫ್. ದೊಡ್ಡವರಿಗೆ 7 ಗಂಟೆಯಾದ್ರೂ ಬೇಕು. ನಾಲ್ಕೇ ಸಾಕಾಗೋರು ತೀರಾ ಅಪರೂಪ, ನೀವು ಅವರಲ್ಲಿ ಒಬ್ಬರು ಅಂತ ನಿಮಗೆ ಯಾರು ಹೇಳಿದ್ದು?

ಪ್ಯಾಕಿಂಗ್ ಯೂನಿಟ್, ವಸಂತನರಸಾಪುರ: ಡಾಕ್ಟ್ರೇ, ಗ್ರೀನ್ ಟೀ ಕುಡೀಬಹುದಾ ಸಂಜೆ?

ಡಾಕ್ಟರ್: ಮೇಲೆ ಓದಿ. ಅದರಲ್ಲೂ ಕೆಫೀನ್ ಇದೆ.

ಗ್ರಾನೈಟ್, ಶಿರಾ: ಮೆಗ್ನೀಷಿಯಂ ಮಾತ್ರೆ ಆನ್‌ಲೈನ್‌ನಲ್ಲಿ ತರಿಸಿದ್ದೀನಿ. ತಗೋಬಹುದಾ?

ರೈಸ್ ಮಿಲ್, ಬಟವಾಡಿ: *ಫಾರ್ವರ್ಡ್: ಗಸಗಸೆ ಹಾಲು...*

ಡಾಕ್ಟರ್: ಸ್ವಾಮಿ, ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಎದ್ದು ಹೋಗ್ತೀನಿ.

ರೈಸ್ ಮಿಲ್, ಬಟವಾಡಿ: ಒಳ್ಳೇದು ಹೇಳಿದ್ರೂ ತಪ್ಪಾ? ಇಷ್ಟು ಸಿಡುಕೋರು ನಿದ್ದೆಗೆ ಔಷಧಿ ಕೊಡ್ತಾರಂತೆ.

ಅಂತರಸನಹಳ್ಳಿ ಯೂನಿಟ್, ಲೆಕ್ಕಪತ್ರ: ಡಾಕ್ಟ್ರೇ, ಯಜಮಾನರು ಗ್ರೂಪ್ ನೋಡಿ ಕೂಗಾಡ್ತಿದ್ದಾರೆ. ಮರ್ಯಾದೆ ಹೋಯ್ತು ಅಂತ. ನಾಳೆ ಬೆಂಗಳೂರಿಗೆ ಪಾರ್ಟಿ ಮೀಟಿಂಗ್ ಇದೆ, ಕಾರಲ್ಲೇ ಹೋಗ್ತಾರಂತೆ.

ಡಾಕ್ಟರ್: ಕೂಗಾಡಲಿ. ಕೀ ನಿಮ್ಮ ಹತ್ರ ಇಟ್ಕೊಳ್ಳಿ, ಡ್ರೈವರ್ ಕರ್ಕೊಂಡು ಹೋಗಲಿ. ಮಂಗಳವಾರ ಹತ್ತಕ್ಕೆ ಇಬ್ರೂ ಬನ್ನಿ, ಬಿಪಿ ಚೀಟಿ, ಆ ಮಾತ್ರೆಯ ಖಾಲಿ ಸ್ಟ್ರಿಪ್ ತನ್ನಿ. ಉಸಿರು ನಿಲ್ಲೋದನ್ನ ಇವತ್ತು ರಾತ್ರಿ ಎರಡು ನಿಮಿಷ ವಿಡಿಯೋ ಮಾಡಿ. ಗ್ರೂಪಿಗೆ ಹಾಕಬೇಡಿ, ನನಗೆ ತೋರಿಸಿ.

ಗ್ರಾನೈಟ್, ಶಿರಾ: ಸಾರ್, ಮೆಗ್ನೀಷಿಯಂ?